ಕ್ಯಾಂಟನ್ನಿನಲ್ಲಿ ಬರೆಸಿದ ವಂಶಲಾಂಛನ

ಚೀನಾದಲ್ಲಿ ತಯಾರಾಗಿ, ಯುರೋಪಿನ ಯಾವುದೋ ಒಂದು ಮನೆತನದ ವಂಶಲಾಂಛನವನ್ನು ಹೊತ್ತು, ಹಡಗೇರಿ ಹೋದ ಪಿಂಗಾಣಿ ಪಾತ್ರೆಗಳ ಕಾಲ ಸುಮಾರು ಮುನ್ನೂರು ವರ್ಷಗಳದು. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗಲ್ ರಾಜನ ಹೆಸರಿನ ಕೆಲವೇ ಹೂಜಿಗಳಿಂದ ಶುರುವಾದ ಈ ವ್ಯವಹಾರ 18ನೇ ಶತಮಾನದಲ್ಲಿ ಹರಿವಿನ ತುದಿ ಮುಟ್ಟಿತು, 19ನೇ ಶತಮಾನದ ಮೊದಲ ದಶಕಗಳಲ್ಲಿ ಬತ್ತಿತು. ಬ್ರಿಟಿಷ್ ಮನೆತನಗಳಿಗಾಗಿಯೇ ಸುಮಾರು 4000 ಸೆಟ್ಟುಗಳು ತಯಾರಾದವೆಂದು ಅಂದಾಜಿದೆ. ಹಾಲೆಂಡಿನವು ನೂರಾರು, ಸ್ವೀಡನ್ನಿನವು ಸುಮಾರು 300. ಫ್ರಾನ್ಸ್, ಪೋರ್ಚುಗಲ್, ಸ್ಪೇನ್, ಡೆನ್ಮಾರ್ಕ್‌ಗಳ ಲೆಕ್ಕ ಬೇರೆ. ಊಟದ ಸೆಟ್ಟು ಎಂದರೆ ತಟ್ಟೆಗಳು, ಸಾರಿನ ತಟ್ಟೆಗಳು, ಮುಚ್ಚಳವಿದ್ದ ದೊಡ್ಡ ಬೋಗುಣಿಗಳು, ಗೊಜ್ಜಿನ ಪಾತ್ರೆಗಳು, ಉಪ್ಪಿನ ಬಟ್ಟಲು ಎಲ್ಲ ಸೇರಿ ಕೆಲವೊಮ್ಮೆ ಮುನ್ನೂರು ನಾನೂರರಷ್ಟು ಪಾತ್ರೆಗಳು. ಅವುಗಳಲ್ಲಿ ಪ್ರತಿಯೊಂದರ ಮೇಲೂ ಅದೇ ಲಾಂಛನವನ್ನು ಕೈಯಿಂದಲೇ ಬರೆಯಬೇಕಿತ್ತು. ಬರೆದವರು ಆ ಲಾಂಛನದ ಅರ್ಥವನ್ನಾಗಲಿ, ಅದರ ಪಕ್ಕದ ಅಕ್ಷರಗಳನ್ನಾಗಲಿ ಬಲ್ಲವರಲ್ಲ. ಆದರೂ ಇಂದು ಚೀನೀ ರಫ್ತು ಪಿಂಗಾಣಿಯ ಕಾಲವನ್ನು ಗೊತ್ತುಮಾಡಲು ವಿದ್ವಾಂಸರು ಮೊದಲು ನೋಡುವುದು ಅವರು ಕಂಡಂತೆ ನಕಲಿಸಿದ ಆ ಚಿತ್ರಗಳನ್ನೇ.

ವಂಶಲಾಂಛನದ ಪದ್ಧತಿ ಪಶ್ಚಿಮ ಯುರೋಪಿನಲ್ಲಿ 12ನೇ ಶತಮಾನದಲ್ಲಿ ರೂಢಿಗೆ ಬಂತು. ಶಿರಸ್ತ್ರಾಣದಲ್ಲಿ ಮುಖ ಮುಚ್ಚಿಕೊಂಡ ಯೋಧನನ್ನು ಅವನ ಗುರಾಣಿಯ ಚಿತ್ರದಿಂದ ಗುರುತಿಸುವ ಕ್ರಮ ಕಾಲಕ್ರಮದಲ್ಲಿ ತಂದೆಯಿಂದ ಮಗನಿಗೆ ಬರುವ ಹಕ್ಕಾಯಿತು. ಹೊಯ್ಸಳರ ಸಿಂಹ, ವಿಜಯನಗರದ ವರಾಹ, ಮೈಸೂರು ಅರಸರ ಗಂಡಭೇರುಂಡ ರಾಜವಂಶದ ಗುರುತುಗಳು. ಯುರೋಪಿನಲ್ಲಾದರೋ ಒಂದು ಹಳ್ಳಿಯ ಜಮೀನ್ದಾರನಿಗೂ, ನಗರದ ವರ್ತಕನಿಗೂ ತನ್ನದೇ ಲಾಂಛನ ಇರಬಹುದಿತ್ತು. ನಡುವೆ ಗುರಾಣಿ, ಅದರ ಮೇಲೆ ಶಿರಸ್ತ್ರಾಣ, ಶಿರಸ್ತ್ರಾಣದ ತುದಿಗೊಂದು ಮುಡಿಚಿಹ್ನೆ, ಎಡಬಲಕ್ಕೆ ಕೆಲವರಿಗೆ ಆಧಾರ ಕೊಡುವ ಪ್ರಾಣಿಗಳು, ಕೆಳಗೆ ಧ್ಯೇಯವಾಕ್ಯದ ಪಟ್ಟಿ. ಇದರ ನಿಯಮಗಳು ಬಹಳ ಬಿಗಿ. ಮದುವೆಯಾದಾಗ ಗುರಾಣಿಯನ್ನು ನಡುವೆ ಸೀಳಿ ಒಂದು ಅರ್ಧದಲ್ಲಿ ಗಂಡನ, ಇನ್ನೊಂದರಲ್ಲಿ ಹೆಂಡತಿಯ ತವರಿನ ಲಾಂಛನ ಬರೆಯುತ್ತಿದ್ದರು. ಅಣ್ಣತಮ್ಮಂದಿರಿಲ್ಲದೆ ಹೆಂಡತಿಯೇ ತವರಿನ ವಾರಸುದಾರಳಾಗಿದ್ದರೆ ಅವಳ ಲಾಂಛನ ಗಂಡನ ಗುರಾಣಿಯ ಮಧ್ಯದಲ್ಲಿ ಚಿಕ್ಕ ಗುರಾಣಿಯಾಗಿ ಕೂರುತ್ತಿತ್ತು. ವಿಧವೆಗೆ ಗುರಾಣಿಯಿಲ್ಲ, ವಜ್ರಾಕೃತಿಯ ಚೌಕ. ಬಿರುದು ಸಿಕ್ಕರೆ ಕಿರೀಟ ಸೇರುತ್ತಿತ್ತು. ಹೀಗಾಗಿ ಓದಲು ಬಲ್ಲವನಿಗೆ ಒಂದು ಲಾಂಛನ ಒಂದು ಸಂಸಾರದ ದಾಖಲೆಪತ್ರವೇ ಸರಿ.

ಮೊದಲು ಬಂದವರು ಪೋರ್ಚುಗೀಸರು. ಅವರು 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವೆಯನ್ನೂ, 1511ರಲ್ಲಿ ಮಲಾಕ್ಕಾವನ್ನೂ ಹಿಡಿದರು. 1513ರ ಹೊತ್ತಿಗೆ ಅವರ ಹಡಗು ದಕ್ಷಿಣ ಚೀನಾದ ಕರಾವಳಿ ಮುಟ್ಟಿತ್ತು. ಚೀನೀ ಪಿಂಗಾಣಿ ಹಿಂದೂ ಮಹಾಸಾಗರದ ಬಂದರುಗಳಿಗೆ ಅಷ್ಟರಲ್ಲಾಗಲೇ ಶತಮಾನಗಳ ಪರಿಚಯದ ಸರಕು. ಹಂಪಿಯ ಉತ್ಖನನಗಳಲ್ಲೂ ಅದರ ಚೂರುಗಳು ಸಿಕ್ಕಿವೆ. ಪೋರ್ಚುಗೀಸರು ಹೊಸದಾಗಿ ಮಾಡಿದ್ದು ಇಷ್ಟೆ: ಸಿದ್ಧ ಸರಕನ್ನು ಕೊಳ್ಳುವುದರ ಜೊತೆಗೆ ತಮ್ಮ ಗುರುತನ್ನು ಬರೆಸಿಕೊಳ್ಳತೊಡಗಿದರು. ರಾಜ ಒಂದನೇ ಮಾನುಯೆಲ್‌ನ ಲಾಂಛನ ಮತ್ತು ಅವನ ಸ್ವಂತ ಚಿಹ್ನೆಯಾದ ಬಳೆಗಳ ಖಗೋಳವಿರುವ ನೀಲಿ ಬಿಳಿ ಹೂಜಿಗಳು ಸುಮಾರು 1520ರವು. ಚೀನೀ ಪಿಂಗಾಣಿಯ ಮೇಲೆ ಯುರೋಪಿನ ಲಾಂಛನ ಕಾಣಿಸಿಕೊಂಡದ್ದು ಇವುಗಳಲ್ಲೇ ಮೊದಲು. ಕೆಲವು ಹೂಜಿಗಳಲ್ಲಿ ರಾಜಲಾಂಛನ ತಲೆಕೆಳಗಾಗಿದೆ. ಬರೆದವನ ಮುಂದೆ ಒಂದು ನಾಣ್ಯವೋ ಕಾಗದದ ಚೂರೋ ಇದ್ದಿರಬೇಕು. ಅದರಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ಹೇಳುವವರು ನೂರಾರು ಹರದಾರಿ ದೂರದಲ್ಲಿದ್ದರು.

ಮಲಾಕ್ಕಾದ ಕಪ್ತಾನ ಪೇರೋ ದೆ ಫಾರಿಯಾನ ಹೆಸರೂ 1541 ಎಂಬ ಇಸವಿಯೂ ಇರುವ ಬೋಗುಣಿ ಪೋರ್ಚುಗಲ್ಲಿನ ಬೇಜಾ ನಗರದಲ್ಲಿದೆ. ಜಾರ್ಜ್ ಅಲ್ವಾರೆಸ್ ಎಂಬ ನಾವಿಕ ವರ್ತಕ 1552ರಲ್ಲಿ ಮಾಡಿಸಿದ ಸೀಸೆಗಳ ಮೇಲೆ ಅವನ ಹೆಸರು ತಲೆಕೆಳಗಾಗಿ ಸುತ್ತಿಕೊಂಡಿದೆ. ಈ ಅಲ್ವಾರೆಸ್ ಸಂತ ಫ್ರಾನ್ಸಿಸ್ ಝೇವಿಯರ್‌ನ ಸ್ನೇಹಿತ. ಝೇವಿಯರ್ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡದ್ದೂ ಅದೇ 1552ರಲ್ಲಿ. ಅವನ ದೇಹ ಇರುವುದು ಹಳೆಯ ಗೋವೆಯಲ್ಲಿ. 1557ರಲ್ಲಿ ಮಕಾವ್‌ನಲ್ಲಿ ನೆಲೆಯೂರಿದ ಮೇಲೆ ಪೋರ್ಚುಗೀಸರ ಬೇಡಿಕೆ ಸಲೀಸಾಯಿತು. ಪಾದ್ರಿಗಳ ಸಂಘಗಳೂ ಪಿಂಗಾಣಿ ಬರೆಸಿದವು. ಅಗಸ್ಟೀನ್ ಪಂಥದವರು ಮಾಡಿಸಿದ ಜಾಡಿಗಳ ಮೇಲಿರುವುದು ಎರಡು ತಲೆಯ ಗರುಡ, ಅದರ ಎದೆಯಲ್ಲಿ ಬಾಣ ನೆಟ್ಟ ಹೃದಯ. ಕನ್ನಡದ ಕಣ್ಣಿಗೆ ಅದು ಥಟ್ಟನೆ ಗಂಡಭೇರುಂಡದಂತೆಯೇ ತೋರುತ್ತದೆ; ಎರಡರ ನಡುವೆ ಸಂಬಂಧವೇನೂ ಇಲ್ಲ. ಸ್ಪೇನಿನ ಕ್ಯಾಸ್ಟೀಲ್ ಮತ್ತು ಲಿಯೋನ್ ರಾಜ್ಯಗಳ ಕೋಟೆ ಸಿಂಹಗಳಿರುವ ಚಪ್ಪಟೆ ಸೀಸೆಗಳು ಇದೇ ಶತಮಾನದ ಕೊನೆಯ ಹೊತ್ತಿನವು.

ಡಚ್ಚರ ಆರಂಭ ಕೊಳ್ಳೆಯಿಂದ. 1603ರಲ್ಲಿ ಸಿಂಗಾಪುರದ ಬಳಿ ಅವರು ಹಿಡಿದ ಸಾಂತಾ ಕತರೀನಾ ಎಂಬ ಪೋರ್ಚುಗೀಸ್ ಹಡಗಿನಲ್ಲಿ ಸುಮಾರು ಒಂದು ಲಕ್ಷ ಪಿಂಗಾಣಿ ಪಾತ್ರೆಗಳಿದ್ದವು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದ ಹರಾಜಿನಲ್ಲಿ ಇಂಗ್ಲೆಂಡ್, ಫ್ರಾನ್ಸ್‌ನ ರಾಜರ ಪರವಾಗಿಯೂ ಕೂಗಿದರಂತೆ. ಉತ್ತರ ಯುರೋಪಿಗೆ ಪಿಂಗಾಣಿಯ ರುಚಿ ಹತ್ತಿದ್ದು ಅಲ್ಲಿಂದ. ಆದರೆ ಹೇಳಿ ಬರೆಸುವಷ್ಟು ವ್ಯವಹಾರ ಬೆಳೆಯುವ ಮೊದಲೇ ಚೀನಾದಲ್ಲಿ ಮಿಂಗ್ ಅರಸೊತ್ತಿಗೆ ಉರುಳಿತು. 1644ರ ನಂತರದ ನಾಲ್ಕು ದಶಕಗಳ ಗಲಭೆಯಲ್ಲಿ ಆವಿಗೆಗಳು ನೆಲಸಮವಾದವು, ಕಡಲ ವ್ಯಾಪಾರಕ್ಕೆ ನಿಷೇಧ ಬಂತು. ಕಾಂಗ್ಷಿ ಚಕ್ರವರ್ತಿ 1683ರಲ್ಲಿ ಆವಿಗೆಗಳ ಪುನರುಜ್ಜೀವನಕ್ಕೆ ಅಧಿಕಾರಿಯನ್ನು ನೇಮಿಸಿದ. ಮರುವರ್ಷ ಕಡಲ ನಿಷೇಧವನ್ನು ತೆಗೆದ. ಮುಂದಿನ ನೂರು ವರ್ಷಗಳ ವ್ಯಾಪಾರಕ್ಕೆ ಬಾಗಿಲು ತೆರೆದದ್ದು ಈ ಎರಡು ಆಜ್ಞೆಗಳು.

ಪಾತ್ರೆಗಳೆಲ್ಲ ತಯಾರಾಗುತ್ತಿದ್ದುದು ಒಂದೇ ಊರಿನಲ್ಲಿ, ಜಿಯಾಂಗ್ಷಿ ಪ್ರಾಂತದ ಜಿಂಗ್‌ಡೆಜೆನ್‌ನಲ್ಲಿ. ಪಿಂಗಾಣಿಗೆ ಬೇಕಾದ ಎರಡು ದ್ರವ್ಯಗಳು ಅದರ ಸುತ್ತಲಿನ ಗುಡ್ಡಗಳಲ್ಲೇ ಇದ್ದವು: ಕಾಯೊಲಿನ್ ಎಂಬ ಬಿಳಿ ಜೇಡಿ, ಮತ್ತು ಕುಟ್ಟಿ ಪುಡಿಮಾಡಿ ಬೆರೆಸುವ ಪಿಂಗಾಣಿ ಕಲ್ಲು. ಎರಡೂ ಸೇರಿ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದಾಗ ಗಾಜಿನಂತೆ ಬೆಸೆದುಕೊಂಡು, ಬೆಳಕಿಗೆ ಹಿಡಿದರೆ ಹೊಳೆಯುವ, ತಟ್ಟಿದರೆ ಗಂಟೆಯಂತೆ ನುಡಿಯುವ ಪಾತ್ರೆಯಾಗುತ್ತದೆ. ಅಲ್ಲಿದ್ದ ಫ್ರೆಂಚ್ ಜೆಸ್ಯುಯಿಟ್ ಪಾದ್ರಿ ದಾಂತ್ರಕೋಲ್ 1712 ಮತ್ತು 1722ರಲ್ಲಿ ಬರೆದ ಎರಡು ದೀರ್ಘ ಪತ್ರಗಳು ಈ ಕಸುಬಿನ ಬಗ್ಗೆ ಯುರೋಪಿಗೆ ಸಿಕ್ಕ ಮೊದಲ ವಿವರವಾದ ವರದಿ. ಅವನ ಮಾತಿನಂತೆ ಒಂದು ಪಾತ್ರೆ ಮುಗಿಯುವ ಹೊತ್ತಿಗೆ ಎಪ್ಪತ್ತು ಕೈ ದಾಟಿರುತ್ತಿತ್ತು. ತಿಗರಿಯಲ್ಲಿ ತಿರುಗಿಸುವವನೊಬ್ಬ, ಅಚ್ಚಿಗೆ ಒತ್ತುವವನೊಬ್ಬ, ಅಂಚಿನ ಗೆರೆ ಎಳೆಯುವವನು ಗೆರೆಯನ್ನಷ್ಟೇ ಎಳೆಯುವವನು. ಹೂ ಬರೆಯುವವನಿಗೆ ಪಕ್ಷಿ ಬರೆಯುವ ಕೆಲಸವಿಲ್ಲ. ಯುರೋಪಿನ ವರ್ತಕರು ಹೇಳಿಕಳಿಸುವ ವಿಚಿತ್ರ ಆಕಾರಗಳು ಆವಿಗೆಯಲ್ಲಿ ಎಷ್ಟು ಕೆಡುತ್ತವೆಂಬ ಕುಂಬಾರರ ಗೊಣಗಾಟವೂ ಅವನ ಪತ್ರಗಳಲ್ಲಿದೆ.

ಅಲ್ಲಿಂದ ಸರಕು ದೋಣಿಯಲ್ಲಿ ಪೋಯಾಂಗ್ ಸರೋವರಕ್ಕೆ, ಗಾನ್ ನದಿಯಲ್ಲಿ ದಕ್ಷಿಣಕ್ಕೆ, ಮೇಲಿಂಗ್ ಕಣಿವೆಯನ್ನು ಕೂಲಿಗಳ ಹೆಗಲ ಮೇಲೆ ದಾಟಿ, ಮತ್ತೆ ದೋಣಿಯೇರಿ ಕ್ಯಾಂಟನ್‌ಗೆ ಬರುತ್ತಿತ್ತು. ಕ್ಯಾಂಟನ್, ಇಂದಿನ ಗುವಾಂಗ್‌ಝೌ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಮ್ಯಾಕಲ್ಸ್‌ಫೀಲ್ಡ್ ಹಡಗು 1699ರಲ್ಲಿ ಇಲ್ಲಿ ಯಶಸ್ವಿಯಾಗಿ ವ್ಯಾಪಾರ ಮಾಡಿತು. ಮುಂದಿನ ದಶಕಗಳಲ್ಲಿ ಡಚ್ಚರು, ಫ್ರೆಂಚರು, ಡೇನರು, ಸ್ವೀಡರು ಬಂದರು. 1757ರ ಬಳಿಕ ಯುರೋಪಿಯನ್ನರಿಗೆ ತೆರೆದಿದ್ದ ಬಂದರು ಇದೊಂದೇ. ನೈರುತ್ಯ ಮಾರುತದ ಬೆನ್ನೇರಿ ಬೇಸಿಗೆಯ ಕೊನೆಗೆ ಬರುವ ಹಡಗುಗಳು ವಾಂಪೋವಾ ಎಂಬಲ್ಲಿ ಲಂಗರು ಹಾಕುತ್ತಿದ್ದವು. ವರ್ತಕರು ನದಿದಂಡೆಯ ಬಾಡಿಗೆ ಕೋಠಿಗಳಲ್ಲಿ ಹಂಗಾಮು ಮುಗಿಯುವವರೆಗೆ ಇರಬೇಕು. ಹೆಂಗಸರನ್ನು ಕರೆತರುವಂತಿಲ್ಲ, ಊರ ಕೋಟೆಯೊಳಗೆ ಕಾಲಿಡುವಂತಿಲ್ಲ. ಈಶಾನ್ಯ ಮಾರುತ ಬೀಸತೊಡಗಿದಾಗ ಹಡಗು ಹೊರಡುತ್ತಿತ್ತು.

ಆ ಹಡಗುಗಳ ಮುಖ್ಯ ಸರಕು ಚಹಾ. ಪಿಂಗಾಣಿ ಅದಕ್ಕೆ ಅಡಿಪಾಯ, ಅಕ್ಷರಶಃ. ಹಡಗಿನ ತಳದಲ್ಲಿ ಸದಾ ನೀರು ಜಿನುಗುತ್ತದೆ. ಚಹಾ ತೇವವನ್ನೂ ವಾಸನೆಯನ್ನೂ ಬೇಗ ಹೀರುತ್ತದೆ. ತಳಕ್ಕೆ ಭಾರವಾಗಿಯೂ ಬೇಕು, ನೆನೆದರೆ ಕೆಡಬಾರದು, ವಾಸನೆಯೂ ಇರಬಾರದು ಎಂಬ ಮೂರೂ ಷರತ್ತಿಗೆ ಪಿಂಗಾಣಿ ಪೆಟ್ಟಿಗೆಗಳು ಸರಿಹೊಂದಿದವು. ಈ ಲೆಕ್ಕ ಎಷ್ಟು ದೊಡ್ಡದೆಂದು ಮುಳುಗಿದ ಹಡಗುಗಳಿಂದ ಗೊತ್ತಾಗುತ್ತದೆ. 1745ರಲ್ಲಿ ಊರು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು ಬಂಡೆಗೆ ಬಡಿದು ಮುಳುಗಿದ ಸ್ವೀಡನ್ನಿನ ಯೋಟೆಬೊರಿ ಹಡಗಿನಲ್ಲಿ ಸುಮಾರು ಐದು ಲಕ್ಷ ಪಾತ್ರೆಗಳಿದ್ದವು. 1752ರಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿದ ಡಚ್ಚರ ಗೆಲ್ಡರ್‌ಮಾಲ್ಸೆನ್ ಹಡಗಿನಿಂದ 1985ರಲ್ಲಿ ಮೇಲೆತ್ತಿದ ಪಿಂಗಾಣಿ ಲಕ್ಷದ ಲೆಕ್ಕದಲ್ಲಿತ್ತು.

ಆದರೆ ಇದು ಕಂಪನಿಗಳು ಸಗಟಿನಲ್ಲಿ ಕೊಂಡ ಸಾಮಾನ್ಯ ಸರಕು. ಲಾಂಛನದ ಪಿಂಗಾಣಿ ಬಂದ ದಾರಿ ಬೇರೆ. ಒಂದೊಂದು ಸೆಟ್ಟಿಗೂ ಬೇರೆ ಬೇರೆ ನಕ್ಷೆ ಹಿಡಿದುಕೊಂಡು ಓಡಾಡುವ ವ್ಯವಧಾನ ಕಂಪನಿಗಳಿಗಿರಲಿಲ್ಲ. ಹಡಗಿನ ಕಪ್ತಾನ, ಅಧಿಕಾರಿಗಳು ಮತ್ತು ಸರಕಿನ ಉಸ್ತುವಾರಿಗೆಂದು ಹೋಗುವ ಕಂಪನಿಯ ವರ್ತಕರಿಗೆ ಹಡಗಿನಲ್ಲಿ ಇಷ್ಟಿಷ್ಟು ಜಾಗ ಸ್ವಂತ ವ್ಯಾಪಾರಕ್ಕೆಂದು ಸಿಗುತ್ತಿತ್ತು. ಸಂಬಳಕ್ಕಿಂತ ಆ ಜಾಗದ ಗಳಿಕೆಯೇ ಹೆಚ್ಚು. ಲಾಂಛನದ ಬೇಡಿಕೆಗಳು ಹೋಗುತ್ತಿದ್ದುದು ಇವರ ಕೈಯಲ್ಲಿ. ಆದ್ದರಿಂದ ಮೊದಮೊದಲ ಗಿರಾಕಿಗಳೂ ಈ ವಲಯದವರೇ. ಇಂಗ್ಲಿಷ್ ಸೆಟ್ಟುಗಳಲ್ಲಿ ತೀರ ಹಳೆಯವು 1690ರ ದಶಕದವು. ಅವುಗಳಲ್ಲಿ ಒಂದು ಕಂಪನಿಗೆ ಹಡಗು ಕಟ್ಟಿಕೊಡುತ್ತಿದ್ದ ಸರ್ ಹೆನ್ರಿ ಜಾನ್ಸನ್‌ನದು. 1698ರಿಂದ 1709ರವರೆಗೆ ಮದರಾಸಿನ ಗವರ್ನರ್ ಆಗಿದ್ದು, ಗೋಲ್ಕೊಂಡದ ವಜ್ರದಿಂದ ಹೆಸರಾದ ಥಾಮಸ್ ಪಿಟ್ ಕೂಡ ಆರಂಭದ ಗಿರಾಕಿಗಳಲ್ಲೊಬ್ಬ.

ಬೇಡಿಕೆ ಸಲ್ಲಿಸುವ ಕ್ರಮಕ್ಕೆ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನ ಜಮೀನ್ದಾರ ಲೀಕ್ ಓಕೋವರ್‌ನದು. ತನ್ನ ಲಾಂಛನವನ್ನೂ ಹೆಂಡತಿ ಮೇರಿ ನಿಕೋಲಳ ತವರಿನ ಲಾಂಛನವನ್ನೂ ಒಂದೇ ಗುರಾಣಿಯಲ್ಲಿ ಸೇರಿಸಿ, ಸುತ್ತ ಬಳ್ಳಿ, ಅಂಚಿನಲ್ಲಿ ಇಬ್ಬರ ಹೆಸರಿನ ಅಕ್ಷರಗಳನ್ನು ಹೆಣೆದ ಗುರುತು ಇಟ್ಟು, ತಟ್ಟೆಯ ಅಳತೆಗೇ ಬಣ್ಣದ ಚಿತ್ರ ಬರೆಸಿ ಕಳಿಸಿದ. ಕೆಲಸ ಮುಗಿದ ಮೇಲೆ ಮಾದರಿಯನ್ನು ಹಿಂದಿರುಗಿಸಬೇಕೆಂದು ಅದರ ಮೇಲೆ ಬರೆಸಿದ್ದ. ಚಿತ್ರ ನಿಜಕ್ಕೂ ಹಿಂದಿರುಗಿ ಬಂದು ಮನೆತನದ ಬಳಿ ಉಳಿಯಿತು. 1740 ಮತ್ತು 1743ರ ಸುಮಾರಿಗೆ ಎರಡು ಕಂತಿನಲ್ಲಿ ಬಂದ ತಟ್ಟೆಗಳನ್ನು ಆ ಚಿತ್ರದ ಪಕ್ಕದಲ್ಲಿಟ್ಟರೆ ಚಿತ್ರಗಾರರ ಕೈ ಎಂಥದೆಂದು ತಿಳಿಯುತ್ತದೆ. ಬಳ್ಳಿಯ ಸುರುಳಿ, ಬಣ್ಣದ ಏರಿಳಿತ, ಗುರಾಣಿಯ ಚೌಕಟ್ಟಿನ ನೆರಳು ಎಲ್ಲವೂ ಬಂದಿವೆ. ತಟ್ಟೆಯೊಂದಕ್ಕೆ ಸುಮಾರು ಒಂದು ಪೌಂಡ್ ಬಿತ್ತು. ಆ ಕಾಲಕ್ಕೆ ಇದು ಕಣ್ಣು ಬಿಡಿಸುವ ಬೆಲೆ, ಬೇರೆ ಲಾಂಛನದ ತಟ್ಟೆಗಳು ಇದರ ಸಣ್ಣದೊಂದು ಪಾಲಿಗೆ ಸಿಗುತ್ತಿದ್ದವು.

ಎಲ್ಲರೂ ಇಷ್ಟು ಶ್ರಮ ಪಡುತ್ತಿರಲಿಲ್ಲ. ಹೆಚ್ಚಿನವರು ತಮ್ಮ ಪುಸ್ತಕಗಳ ಒಳಹೊದಿಕೆಗೆ ಅಂಟಿಸುವ ಲಾಂಛನದ ಮುದ್ರಿತ ಚೀಟಿಯನ್ನೇ ಕಳಿಸಿ ಕೈತೊಳೆದುಕೊಂಡರು. ಆ ಚೀಟಿಗಳಲ್ಲಿ ಬಣ್ಣವಿಲ್ಲ. ಕೆಂಪಿಗೆ ನೆಟ್ಟಗಿನ ಗೆರೆಗಳು, ನೀಲಿಗೆ ಅಡ್ಡ ಗೆರೆಗಳು, ಚಿನ್ನಕ್ಕೆ ಚುಕ್ಕೆಗಳು ಎಂಬ ಸಂಕೇತವನ್ನು 17ನೇ ಶತಮಾನದಿಂದ ಮುದ್ರಕರು ಬಳಸುತ್ತಿದ್ದರು. ಈ ಸಂಕೇತ ತಿಳಿಯದ ಚಿತ್ರಗಾರ ಗೆರೆಗಳನ್ನು ಗೆರೆಗಳಾಗಿಯೇ, ಚುಕ್ಕೆಗಳನ್ನು ಚುಕ್ಕೆಗಳಾಗಿಯೇ ಕಪ್ಪು ಬಣ್ಣದಲ್ಲಿ ಬರೆದ ತಟ್ಟೆಗಳು ಇವೆ. ಧ್ಯೇಯವಾಕ್ಯದ ಅಕ್ಷರಗಳು ಹಿಂದುಮುಂದಾದದ್ದೂ ಉಂಟು. ಹಾಲೆಂಡಿನ ಪ್ರಾಂತಗಳು, ನಗರಗಳು, ನೆರೆರಾಜ್ಯಗಳ ಲಾಂಛನವಿರುವ 18ನೇ ಶತಮಾನದ ಆರಂಭದ ತಟ್ಟೆಗಳಲ್ಲಿ ಊರ ಹೆಸರುಗಳ ಕಾಗುಣಿತ ಒಂದೊಂದರಲ್ಲಿ ಒಂದೊಂದು ಬಗೆ. ಈ ತಪ್ಪುಗಳನ್ನು ಹೆಕ್ಕಿ ನಗುವುದು ಸಂಗ್ರಾಹಕರಿಗೆ ಹಳೆಯ ಚಾಳಿ. ಬರೆದ ಪಾತ್ರೆಗಳ ಸಂಖ್ಯೆಯನ್ನು ನೋಡಿದರೆ ತಪ್ಪು ತೀರ ಕಡಿಮೆ. ಇದ್ದ ತಪ್ಪಿನಲ್ಲೂ ಎಷ್ಟೋ ಪಾಲು ಕಳಿಸಿದ ಮಾದರಿಯದೇ. ಅದೇ ಹೊತ್ತಿನಲ್ಲಿ ಇಂಗ್ಲೆಂಡಿನ ವೂಸ್ಟರ್ ಕಾರ್ಖಾನೆಯವರು ತಮ್ಮ ಬಟ್ಟಲುಗಳ ತಳದಲ್ಲಿ ಚೀನೀ ಲಿಪಿಯಂತೆ ಕಾಣುವ, ಯಾವ ಅರ್ಥವೂ ಇಲ್ಲದ ಗೀಚುಗಳನ್ನು ಎಳೆಯುತ್ತಿದ್ದರೆಂಬುದನ್ನೂ ನೆನೆಯಬೇಕು.

ಲಾಂಛನ ಬರೆಯುವ ಜಾಗವೂ ಬದಲಾಯಿತು. ಮೊದಲು ಎಲ್ಲವೂ ಜಿಂಗ್‌ಡೆಜೆನ್‌ನಲ್ಲೇ. ಗಾಜಿನ ಲೇಪದ ಕೆಳಗೆ ಕೋಬಾಲ್ಟ್ ನೀಲಿಯಲ್ಲಿ ಬರೆಯುವ ಕೆಲಸ ಪಾತ್ರೆ ಬೇಯುವ ಮುಂಚೆಯೇ ಆಗಬೇಕು, ಹಾಗಾಗಿ ಬೇರೆ ದಾರಿಯಿರಲಿಲ್ಲ. ಆದರೆ ಲೇಪದ ಮೇಲೆ ಬರೆಯುವ ಎನಾಮೆಲ್ ಬಣ್ಣಗಳಿಗೆ ಎರಡನೆಯ ಬಾರಿ ಸುಮಾರು 700ರಿಂದ 800 ಡಿಗ್ರಿಯ ಶಾಖ ಸಾಕು. ಸಣ್ಣ ಗೂಡಿದ್ದರೆ ಎಲ್ಲಿ ಬೇಕಾದರೂ ಸುಡಬಹುದು. ಕಾಂಗ್ಷಿಯ ಕಾಲದಲ್ಲಿ ಈ ಬಣ್ಣಗಳಲ್ಲಿ ಹಸಿರೇ ಮುಂದಿತ್ತು. 1720ರ ದಶಕದಲ್ಲಿ ಚಿನ್ನದ ಸೂಕ್ಷ್ಮ ಕಣಗಳಿಂದ ತೆಗೆದ ಗುಲಾಬಿ ಬಣ್ಣ ಬಂತು, ಹಸಿರು ಹಿಂದೆ ಸರಿಯಿತು. 18ನೇ ಶತಮಾನದ ನಡುವಿನ ಹೊತ್ತಿಗೆ ವ್ಯಾಪಾರಿಗಳು ಜಿಂಗ್‌ಡೆಜೆನ್‌ನಿಂದ ಬರಿಯ ಬಿಳಿ ಪಾತ್ರೆಗಳನ್ನು ತರಿಸಿ, ಗಿರಾಕಿಯ ಕಣ್ಣೆದುರೇ ಕ್ಯಾಂಟನ್ನಿನಲ್ಲಿ ಬರೆಸತೊಡಗಿದರು. ಹಿಂದೆ ಎರಡು ಮೂರು ವರ್ಷ ಹಿಡಿಯುತ್ತಿದ್ದ ಬೇಡಿಕೆ ಒಂದೇ ಹಂಗಾಮಿನಲ್ಲಿ ಮುಗಿಯುವಂತಾಯಿತು. 1769ರಲ್ಲಿ ನದಿಯ ಆಚೆ ದಡದ ಹೊನಾಮ್ ದ್ವೀಪದ ಕೆಲಸದ ಮನೆಗೆ ಹೋಗಿದ್ದ ಇಂಗ್ಲಿಷ್ ಯುವಕ ವಿಲಿಯಂ ಹಿಕಿ ತನ್ನ ನೆನಪಿನ ಪುಸ್ತಕದಲ್ಲಿ ಒಂದು ಉದ್ದನೆಯ ಪಡಸಾಲೆಯನ್ನು ವರ್ಣಿಸಿದ್ದಾನೆ. ನೂರಕ್ಕೂ ಹೆಚ್ಚು ಮಂದಿ ಕುಂಚ ಹಿಡಿದು ಕೂತಿದ್ದರು. ಅವರಲ್ಲಿ ಹಣ್ಣು ಹಣ್ಣು ಮುದುಕರೂ ಇದ್ದರು, ಆರೇಳು ವರ್ಷದ ಮಕ್ಕಳೂ ಇದ್ದರು. ಅವರಲ್ಲೊಬ್ಬರ ಹೆಸರೂ ಯಾವ ತಟ್ಟೆಯ ಮೇಲೂ ಇಲ್ಲ.

ಶತಮಾನದ ಕೊನೆಗೆ ಆಯ್ಕೆಯೂ ಸುಲಭವಾಯಿತು. ಅಂಗಡಿಗಳಲ್ಲಿ ಮಾದರಿ ತಟ್ಟೆಗಳಿರುತ್ತಿದ್ದವು: ಅಂಚನ್ನು ನಾಲ್ಕು ಪಾಲು ಮಾಡಿ ನಾಲ್ಕು ಬಗೆಯ ಚಿತ್ತಾರ ಬರೆದು ಒಂದೊಂದಕ್ಕೂ ಅಂಕಿ ಹಾಕಿರುತ್ತಿದ್ದರು. ಗಿರಾಕಿ ಅಂಕಿ ಹೇಳಿ ಲಾಂಛನದ ಚೀಟಿ ಕೊಟ್ಟರಾಯಿತು. ಇನ್ನು ಹಣದ ವಿಷಯದಲ್ಲಿ ಉಳಿದ ಕಾಗದಗಳು ವಿರಳ. ಲಂಡನ್ನಿನ ಮೇಯರ್ ಮತ್ತು ಕಂಪನಿಯ ನಿರ್ದೇಶಕ ಆಗಿದ್ದ ಸರ್ ಚಾರ್ಲ್ಸ್ ಪಿಯರ್ಸ್‌ನ ಮನೆತನದ ಸೆಟ್ಟಿಗೆ 1731ರಲ್ಲಿ ಕ್ಯಾಂಟನ್ನಿನಲ್ಲಿ ಬರೆದುಕೊಟ್ಟ ಬಿಲ್ಲು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, ಅದೇ ಸೆಟ್ಟಿನ ಪಾತ್ರೆಗಳೂ ಅಲ್ಲಿವೆ. ಪಾತ್ರೆ, ಬಿಲ್ಲು ಎರಡೂ ಉಳಿದಿರುವ ಇಂಥ ಉದಾಹರಣೆ ಬೆರಳೆಣಿಕೆಯದು.

ಕೊಂಡದ್ದಕ್ಕಿಂತ ಕೊಡುಗೆಯಾಗಿ ಬಂದ ಸೆಟ್ಟುಗಳ ಕಥೆ ಹೆಚ್ಚು ಸ್ವಾರಸ್ಯದ್ದು. ನೌಕಾಧಿಕಾರಿ ಜಾರ್ಜ್ ಆನ್ಸನ್ 1743ರಲ್ಲಿ ಸ್ಪೇನಿನ ಬೆಳ್ಳಿ ತುಂಬಿದ ಕೋವದೋಂಗಾ ಹಡಗನ್ನು ಹಿಡಿದು, ಅದರೊಂದಿಗೆ ಕ್ಯಾಂಟನ್ನಿಗೆ ಬಂದ. ಅವನು ಅಲ್ಲಿದ್ದಾಗ ಊರಿಗೆ ಬೆಂಕಿ ಬಿತ್ತು, ಅವನ ಸೆಂಚುರಿಯನ್ ಹಡಗಿನ ನಾವಿಕರು ನುಗ್ಗಿ ಆರಿಸಿದರು. ಕೋಠಿಗಳು ಉಳಿದದ್ದಕ್ಕೆ ಯುರೋಪಿನ ವರ್ತಕರು ಕೃತಜ್ಞತೆಯಿಂದ ಕೊಟ್ಟದ್ದೆಂದು ಮನೆತನದವರು ಹೇಳಿಕೊಂಡು ಬಂದಿರುವ, ಇನ್ನೂರಕ್ಕೂ ಹೆಚ್ಚು ಪಾತ್ರೆಗಳ ಸೆಟ್ಟು ಇಂಗ್ಲೆಂಡಿನ ಶಗ್‌ಬರೋ ಬಂಗಲೆಯಲ್ಲಿದೆ. ಆನ್ಸನ್‌ನ ಲಾಂಛನ ಅದರಲ್ಲಿ ಅಂಚಿಗೆ ಸರಿದಿದೆ. ನಡುವೆ ನಿಂತಿರುವುದು ಒಂದು ದೀಗುಜ್ಜೆ ಮರ. ಹಿಂದಿನ ವರ್ಷ ಸ್ಕರ್ವಿ ರೋಗದಿಂದ ಸಾಯುತ್ತಿದ್ದ ಅವನ ನಾವಿಕರು ಶಾಂತಸಾಗರದ ಟಿನಿಯನ್ ದ್ವೀಪದಲ್ಲಿ ದೀಗುಜ್ಜೆಯನ್ನೂ ಅಲ್ಲಿನ ಸೊಪ್ಪು ಹಣ್ಣುಗಳನ್ನೂ ತಿಂದು ಚೇತರಿಸಿಕೊಂಡಿದ್ದರು. ಹಡಗಿನ ಅಧಿಕಾರಿ ಪಿಯರ್ಸಿ ಬ್ರೆಟ್ ಬರೆದಿದ್ದ ಚಿತ್ರಗಳೇ ಇದಕ್ಕೆ ಮೂಲ. ಅಂಚಿನಲ್ಲಿ ಒಂದು ಕಡೆ ಇಂಗ್ಲೆಂಡಿನ ಪ್ಲಿಮತ್ ಕೊಲ್ಲಿ, ಇನ್ನೊಂದು ಕಡೆ ವಾಂಪೋವಾ: ಹೊರಟ ಬಂದರು ಮತ್ತು ತಲುಪಿದ ಬಂದರು. ಲಾಂಛನದ ಪಿಂಗಾಣಿಯಲ್ಲಿ ಒಡೆಯನ ಕುಲದ ಜೊತೆಗೆ ಅವನ ಅನುಭವವೂ ಇಷ್ಟು ನಿಚ್ಚಳವಾಗಿ ಬಂದ ಸೆಟ್ಟು ಇನ್ನೊಂದು ಸಿಗುವುದು ಕಷ್ಟ.

ಪ್ರಷ್ಯದ ಅರಸ ಮಹಾ ಫ್ರೆಡ್ರಿಕ್ 1751ರಲ್ಲಿ ಎಮ್ಡೆನ್ ಬಂದರಿನಲ್ಲಿ ಹುಟ್ಟುಹಾಕಿದ ಕಂಪನಿಯವರು ಅವನಿಗೆ ರಾಜಲಾಂಛನದ ಸೆಟ್ಟೊಂದನ್ನು ಒಪ್ಪಿಸಿದರು. ಕಂಪನಿ ಬಹುಕಾಲ ಬಾಳಲಿಲ್ಲ, ತಟ್ಟೆಗಳು ಬಾಳಿದವು.

ಅಮೆರಿಕವೂ ಸ್ವತಂತ್ರವಾದ ಕೂಡಲೇ ಇದೇ ದಾರಿ ಹಿಡಿಯಿತು. ಎಂಪ್ರೆಸ್ ಆಫ್ ಚೈನಾ ಹಡಗು 1784ರ ಫೆಬ್ರವರಿ 22ರಂದು ನ್ಯೂಯಾರ್ಕಿನಿಂದ ಕ್ಯಾಂಟನ್ನಿಗೆ ಹೊರಟಿತು. ಅದರಲ್ಲಿದ್ದ ವ್ಯಾಪಾರಿ ಸ್ಯಾಮ್ಯುಯೆಲ್ ಶಾ ಸ್ವಾತಂತ್ರ್ಯ ಯುದ್ಧದ ಅಧಿಕಾರಿಗಳ ಸಂಘವಾದ ಸೊಸೈಟಿ ಆಫ್ ದಿ ಸಿನ್ಸಿನಾಟಿಯ ಸದಸ್ಯ. ಸಂಘದ ಹದ್ದಿನ ಪದಕವನ್ನು ದೇವತೆಗಳ ಆಕೃತಿಗಳೊಂದಿಗೆ ಸೇರಿಸಿ ಪಿಂಗಾಣಿಯ ಮೇಲೆ ಬರೆಸಬೇಕೆಂಬುದು ಅವನ ಆಸೆ. ಬೇರೆ ಬೇರೆ ಮಾದರಿಗಳಿಂದ ಒಂದೊಂದನ್ನು ತೆಗೆದು ಹೊಸ ಚಿತ್ರ ಕಟ್ಟಲು ಅಲ್ಲಿನ ಚಿತ್ರಗಾರರಿಂದ ಆಗಲಿಲ್ಲವೆಂದೂ, ಇದ್ದುದನ್ನು ನಕಲಿಸುವುದರಲ್ಲಿ ಮಾತ್ರ ಅವರು ನಿಸ್ಸೀಮರೆಂದೂ ಅವನು ಬರೆದುಕೊಂಡ. ಅವನ ಮಾತಿನಲ್ಲಿ ಅಸಮಾಧಾನವಿದೆ. ಅವರಿಗೆ ಕೂಲಿ ಸಿಗುತ್ತಿದ್ದುದೇ ಸ್ವಂತದ್ದೇನನ್ನೂ ಸೇರಿಸದೆ ಕೊಟ್ಟದ್ದನ್ನು ಕೊಟ್ಟಂತೆ ಬರೆಯುವುದಕ್ಕೆ ಎಂಬುದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ತಯಾರಾದದ್ದು ತುತ್ತೂರಿ ಊದುವ ಕೀರ್ತಿದೇವತೆ ಪದಕವನ್ನು ಹಿಡಿದಿರುವ ಚಿತ್ರ. 1785ರ ಆಗಸ್ಟಿನಲ್ಲಿ ಪಲ್ಲಾಸ್ ಎಂಬ ಹಡಗು ಈ ಪಾತ್ರೆಗಳನ್ನು ಬಾಲ್ಟಿಮೋರ್‌ಗೆ ತಂದಿತು. ಜಾಹೀರಾತು ನೋಡಿ ವಿಚಾರಿಸಿದ ಜಾರ್ಜ್ ವಾಷಿಂಗ್ಟನ್ 1786ರಲ್ಲಿ ಹೆನ್ರಿ ಲೀ ಎಂಬವನ ಮೂಲಕ 302 ಪಾತ್ರೆಗಳನ್ನು 150 ಡಾಲರಿಗೆ ಕೊಂಡ. ಹತ್ತು ವರ್ಷದ ಬಳಿಕ, 1796ರಲ್ಲಿ, ಡಚ್ ವರ್ತಕ ವಾನ್ ಬ್ರಾಮ್ ಹೌಕ್‌ಗೀಸ್ಟ್ ಮಾರ್ಥಾ ವಾಷಿಂಗ್ಟನ್‌ಗೆ ಒಂದು ಸೆಟ್ಟನ್ನು ಉಡುಗೊರೆಯಾಗಿ ತಂದ. ಅದರ ನಡುವೆ ಆಕೆಯ ಹೆಸರಿನ ಅಕ್ಷರಗಳು, ಸುತ್ತ 15 ಕೊಂಡಿಗಳ ಸರಪಳಿ, ಕೊಂಡಿಗೊಂದರಂತೆ ಆಗ ಇದ್ದ 15 ರಾಜ್ಯಗಳ ಹೆಸರು. ಅರಸರಿಲ್ಲದ ದೇಶಕ್ಕೆ ವಂಶಲಾಂಛನದ ಜಾಗದಲ್ಲಿ ಒಕ್ಕೂಟದ ಲಾಂಛನ ಒದಗಿತು.

ಅಷ್ಟರಲ್ಲಿ ಯುರೋಪಿನ ಬೇಡಿಕೆ ಇಳಿಮುಖವಾಗಿತ್ತು. ಪಿಂಗಾಣಿಯ ಗುಟ್ಟು 1708ರ ಸುಮಾರಿಗೇ ಜರ್ಮನಿಯ ಸ್ಯಾಕ್ಸನಿಯಲ್ಲಿ ಬಯಲಾಗಿ 1710ರಲ್ಲಿ ಮೈಸೆನ್ ಕಾರ್ಖಾನೆ ಶುರುವಾಗಿದ್ದರೂ ಅದರ ಸರಕು ದುಬಾರಿ. ಚೀನಾಕ್ಕೆ ಪೆಟ್ಟು ಕೊಡಲಿಲ್ಲ. ನಿಜವಾದ ಪೆಟ್ಟು ಕೊಟ್ಟದ್ದು ಇಂಗ್ಲೆಂಡ್. 1760ರ ದಶಕದಿಂದ ಜೊಸಾಯ ವೆಜ್‌ವುಡ್‌ನ ಕೆನೆಬಣ್ಣದ ಪಾತ್ರೆಗಳು ಮಧ್ಯಮವರ್ಗದ ಮೇಜನ್ನು ಆಕ್ರಮಿಸಿದವು. ಶತಮಾನದ ಕೊನೆಗೆ ಸ್ಪೋಡ್ ಮೂಳೆಬೂದಿ ಬೆರೆಸಿದ ಪಿಂಗಾಣಿಯನ್ನು ಹದಕ್ಕೆ ತಂದ. ಲಾಂಛನ ಬೇಕೆಂದರೆ ವೂಸ್ಟರ್ ಅಥವಾ ಡರ್ಬಿಯಲ್ಲಿ, ತನ್ನದೇ ಭಾಷೆಯಲ್ಲಿ ಹೇಳಿ, ವಾರಗಳಲ್ಲಿ ಬರೆಸಬಹುದಾಗಿತ್ತು. ಚೀನೀ ಸರಕಿನ ಮೇಲಿನ ಸುಂಕ ಏರುತ್ತಲೇ ಹೋಯಿತು. ಈಸ್ಟ್ ಇಂಡಿಯಾ ಕಂಪನಿ 1791ರಲ್ಲಿ ಪಿಂಗಾಣಿಯ ಸಗಟು ಆಮದನ್ನು ನಿಲ್ಲಿಸಿತು. ಡಚ್ ಕಂಪನಿ 1799ರಲ್ಲಿ, ಸ್ವೀಡನ್ನಿನದು 1813ರಲ್ಲಿ ಮುಚ್ಚಿದವು. ಕಪ್ತಾನರ ಖಾಸಗಿ ಪೆಟ್ಟಿಗೆಗಳಲ್ಲಿ ಇನ್ನೂ ಕೆಲಕಾಲ ಒಂದೆರಡು ಸೆಟ್ಟುಗಳು ಬರುತ್ತಿದ್ದವು, ಅಷ್ಟೆ. 1850ರ ದಶಕದ ತೈಪಿಂಗ್ ದಂಗೆಯಲ್ಲಿ ಜಿಂಗ್‌ಡೆಜೆನ್‌ನ ಆವಿಗೆಗಳೇ ನಾಶವಾದವು.

ಬರೆಸಿದವರ ಮೊಮ್ಮಕ್ಕಳ ಕಾಲಕ್ಕೆ ಈ ಪಾತ್ರೆಗಳು ಎಲ್ಲಿಂದ ಬಂದವೆಂಬುದೇ ಮರೆತುಹೋಗಿತ್ತು. 1863ರಲ್ಲಿ ವಿಲಿಯಂ ಚಾಫರ್ಸ್ ಎಂಬ ಪಿಂಗಾಣಿ ತಜ್ಞ ತನ್ನ ಪುಸ್ತಕದಲ್ಲಿ ಲಾಂಛನದ ಪಾತ್ರೆಗಳು ಇಂಗ್ಲೆಂಡಿನ ಪೂರ್ವ ಕರಾವಳಿಯ ಲೋಸ್ಟಾಫ್ಟ್ ಎಂಬ ಊರಿನ ಕಾರ್ಖಾನೆಯವು ಎಂದು ಬರೆದ. ಆ ಸಣ್ಣ ಕಾರ್ಖಾನೆ 1757ರ ಸುಮಾರಿನಿಂದ 1802ರವರೆಗೆ ಇತ್ತು. ಅಲ್ಲಿ ತಯಾರಾಗುತ್ತಿದ್ದುದು ಮೂಳೆಬೂದಿಯ ಮೆತ್ತನೆಯ ಪಿಂಗಾಣಿ. ಚೂರಿಯಿಂದ ಗೀರಿ ನೋಡಿದರೂ ತಿಳಿಯುವ ವ್ಯತ್ಯಾಸವಿದು. ಆದರೂ ತಪ್ಪು ಅಂಟಿಕೊಂಡಿತು, ಅಂಗಡಿಕಾರರು 20ನೇ ಶತಮಾನದಲ್ಲೂ ಚೀನೀ ತಟ್ಟೆಗಳನ್ನು ‘ಓರಿಯಂಟಲ್ ಲೋಸ್ಟಾಫ್ಟ್’ ಎಂದೇ ಮಾರಿದರು. ಈ ಗೊಂದಲಕ್ಕೆ ಪ್ಯಾರಿಸ್ಸಿನ ಸ್ಯಾಮ್ಸನ್ ಕಾರ್ಖಾನೆಯೂ ತನ್ನ ಪಾಲು ಸೇರಿಸಿತು. 1845ರಲ್ಲಿ ಶುರುವಾದ ಅದು ಹಳೆಯ ಪಾತ್ರೆಗಳ ನಕಲನ್ನೇ ಕಸುಬಾಗಿ ಮಾಡಿಕೊಂಡು, ಲಾಂಛನದ ಚೀನೀ ತಟ್ಟೆಗಳನ್ನೂ ತಯಾರಿಸಿತು.

ವ್ಯವಸ್ಥಿತ ಅಧ್ಯಯನ 20ನೇ ಶತಮಾನದ್ದು. ಬ್ರಿಟಿಷ್ ವಿದ್ವಾಂಸ ಡೇವಿಡ್ ಸ್ಯಾಂಕ್ಚುರಿ ಹೊವರ್ಡ್ 1974ರಲ್ಲಿ ಒಂದು, 2003ರಲ್ಲಿ ಇನ್ನೊಂದು ಬೃಹತ್ ಸಂಪುಟ ಪ್ರಕಟಿಸಿ ಸಾವಿರಾರು ಬ್ರಿಟಿಷ್ ಸೆಟ್ಟುಗಳನ್ನು ಗುರುತಿಸಿದ. ರಫ್ತಿನ ಪಿಂಗಾಣಿಯ ತಳದಲ್ಲಿ ಸಾಮಾನ್ಯವಾಗಿ ಯಾವ ಮುದ್ರೆಯೂ ಇಲ್ಲ, ಇಸವಿಯಂತೂ ತೀರ ಅಪರೂಪ. ಆದರೆ ಗಂಡಹೆಂಡಿರ ಲಾಂಛನಗಳು ಕೂಡಿದ್ದರೆ ತಟ್ಟೆ ಮದುವೆಗೆ ಹಿಂದಿನದಲ್ಲ. ಕಿರೀಟವಿಲ್ಲದಿದ್ದರೆ ಬಿರುದು ಸಿಗುವ ಮುಂಚಿನದು. ಎರಡನೆಯ ಹೆಂಡತಿಯ ಲಾಂಛನ ಬಂದಿದ್ದರೆ ಮೊದಲನೆಯವಳು ತೀರಿಕೊಂಡ ಮೇಲಿನದು. ಚರ್ಚಿನ ಮದುವೆ ದಾಖಲೆ, ಹಡಗಿನ ದಿನಚರಿಗಳನ್ನು ಜೊತೆಗಿಟ್ಟರೆ ಎಷ್ಟೋ ಸೆಟ್ಟುಗಳಿಗೆ ಐದಾರು ವರ್ಷದ ಅಂತರದಲ್ಲಿ ಕಾಲ ಹೇಳಬಹುದು. ಹಾಗೆ ಕಾಲ ಗೊತ್ತಾದ ತಟ್ಟೆಯ ಅಂಚಿನ ಚಿತ್ತಾರದಿಂದ, ಅದೇ ಚಿತ್ತಾರವಿದ್ದು ಲಾಂಛನವಿಲ್ಲದ ಸಾವಿರಾರು ಪಾತ್ರೆಗಳ ಕಾಲವೂ ತಿಳಿಯುತ್ತದೆ.

ಆದರೂ ಬಿಡಿಸಲಾಗದೆ ಉಳಿದ ಗುರಾಣಿಗಳಿವೆ. ಇಂಗ್ಲೆಂಡಿನಲ್ಲಿ ಲಾಂಛನ ಧರಿಸಲು ಕಾಲೇಜ್ ಆಫ್ ಆರ್ಮ್ಸ್ ಎಂಬ ಸಂಸ್ಥೆಯ ದಾಖಲೆಯಲ್ಲಿ ಹಕ್ಕು ನಮೂದಾಗಿರಬೇಕು. ಪೂರ್ವದೇಶಗಳಲ್ಲಿ ಹಣ ಮಾಡಿದ ಎಷ್ಟೋ ಕಪ್ತಾನರು, ವರ್ತಕರು ಅಂಥ ಹಕ್ಕಿಲ್ಲದೆಯೇ ತಮ್ಮ ಹೆಸರಿನ ಬೇರೊಂದು ಕುಲೀನ ಮನೆತನದ ಲಾಂಛನವನ್ನು ಎತ್ತಿಕೊಂಡರು, ಕೆಲವರು ಹೊಸದಾಗಿಯೇ ಕಟ್ಟಿಕೊಂಡರು. ಕ್ಯಾಂಟನ್ನಿನಲ್ಲಿ ಅದನ್ನು ಕೇಳುವವರಿರಲಿಲ್ಲ. ಚೀಟಿ ತಂದವನಿಗೆ ತಟ್ಟೆ ಸಿಗುತ್ತಿತ್ತು. ಇಂಥ ಕೆಲವು ಲಾಂಛನಗಳಿಗೆ ಉಳಿದಿರುವ ಏಕೈಕ ದಾಖಲೆ ಆ ತಟ್ಟೆಗಳೇ.